ಗೋಡೆಯ ಬೂಷ್ಟು, ತೊಡೆಯ ಹುಳುಕಡ್ಡಿ, ಎದೆಯ ಕೆಮ್ಮು: ಎಲ್ಲ ಒಂದೇ ಫಂಗಸ್ಸಾ?

ಪ್ರಶ್ನೆ: ನಮ್ಮದು ಭಾಗಮಂಡಲದ ಕಡೆ ಹಳೇ ಹಂಚಿನ ಮನೆ. ಜೂನ್ ಬಂತೆಂದರೆ ಗೋಡೆ, ಬೀರು, ಬೆಲ್ಟು, ಚಪ್ಪಲಿ ಎಲ್ಲಕ್ಕೂ ಬೂಷ್ಟು. ಮಲಗುವ ಕೋಣೆಯ ಗೋಡೆ ತುಂಬಾ ಕಪ್ಪು ಚುಕ್ಕಿ. 10 ವರ್ಷದ ಮಗನಿಗೆ ಮಳೆಗಾಲ ಪೂರ್ತಿ ಸೀನು, ರಾತ್ರಿ ಕೆಮ್ಮು, ಉಬ್ಬಸ. ಯಜಮಾನರಿಗೆ ತೊಡೆಸಂದಿಯಲ್ಲಿ ಹುಳುಕಡ್ಡಿ. ಮೆಡಿಕಲ್ ಶಾಪಿನ ಕ್ರೀಮ್ ಹಚ್ಚಿದರೆ ಹೋಗುತ್ತೆ, ಬಿಟ್ಟರೆ ಮತ್ತೆ ಬರುತ್ತೆ. ಇದೆಲ್ಲ ಗೋಡೆಯ ಬೂಷ್ಟಿನಿಂದಲೇ ಬರುತ್ತಿದೆಯಾ? ಬ್ಲಾಕ್ ಫಂಗಸ್ ಅಂದರೆ ಇದೇನಾ? ತೋಟಕ್ಕೆ ಹೊಡೆಯುವ ಮೈಲುತುತ್ತವನ್ನೇ ಗೋಡೆಗೂ ಹೊಡೆದರೆ ಹೋಗುತ್ತಾ? ಅಂದ ಹಾಗೆ, ಅತ್ತೆಗೆ 66 ವರ್ಷ, ಸಕ್ಕರೆ ಕಾಯಿಲೆ ಇದೆ. ಹಿಂದೆ ಟಿಬಿ ಬಂದು ವಾಸಿಯಾಗಿತ್ತು. ಈಗ ಕೆಲವು ತಿಂಗಳಿಂದ ಕೆಮ್ಮು, ಎರಡು ಸಲ ಕಫದಲ್ಲಿ ರಕ್ತದ ಎಳೆ ಬಂತು. ಚಳಿಗೆ ಗಂಟಲು ಒಡೆದಿದೆ ಅಷ್ಟೇ ಅಂತಾರೆ.

ಉತ್ತರ: ನೀವು ಕೊನೆಗೆ ‘ಅಂದ ಹಾಗೆ’ ಅಂತ ಬರೆದ ಮಾತಿನಿಂದಲೇ ನಾನು ಶುರು ಮಾಡುತ್ತೇನೆ. ಗೋಡೆ ಇನ್ನೂ ಒಂದು ತಿಂಗಳು ಹಾಗೇ ಇದ್ದರೂ ಪರವಾಗಿಲ್ಲ. ಅತ್ತೆಯವರನ್ನು ಮಾತ್ರ ಈ ವಾರವೇ ಡಾಕ್ಟರಿಗೆ ತೋರಿಸಿ. ಮಳೆ ಕಡಿಮೆಯಾಗಲಿ ಅಂತ ಕಾಯಬೇಡಿ.

ಹಿಂದೆ ಟಿಬಿ ಆದವರು, ಅದೂ ಸಕ್ಕರೆ ಕಾಯಿಲೆ ಇರುವವರು, ತಿಂಗಳುಗಟ್ಟಲೆ ಕೆಮ್ಮುತ್ತಿದ್ದು ಕಫದಲ್ಲಿ ರಕ್ತ ಕಂಡರೆ ಅದನ್ನು ಚಳಿಯ ತಲೆಗೆ ಕಟ್ಟುವ ಹಾಗಿಲ್ಲ. ಟಿಬಿಯೇ ಮತ್ತೆ ಬಂದಿರಬಹುದು. ಆ ವಯಸ್ಸಿಗೆ ಶ್ವಾಸಕೋಶದ ಕ್ಯಾನ್ಸರನ್ನೂ ಪರೀಕ್ಷೆ ಮಾಡಿಯೇ ಬಿಡಬೇಕು. ಇನ್ನೊಂದು ಸಾಧ್ಯತೆ ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟದ್ದು, ಮತ್ತು ನಮ್ಮಲ್ಲಿ ಆಗಾಗ ಗೊತ್ತಾಗದೇ ಉಳಿದುಬಿಡುವಂಥದ್ದು. ಅದು ಆಸ್ಪರ್ಜಿಲಸ್ ಅನ್ನುವ ಬೂಷ್ಟು.

ಟಿಬಿ ವಾಸಿಯಾದ ಮೇಲೂ ಕೆಲವರ ಶ್ವಾಸಕೋಶದಲ್ಲಿ ಪೊಳ್ಳು ಜಾಗ ಉಳಿದುಬಿಡುತ್ತದೆ. ಸಾಮಾನ್ಯವಾಗಿ ಮೇಲ್ಭಾಗದಲ್ಲಿ. ಗಾಳಿಯಲ್ಲಿ ಹಾರಾಡುವ ಆಸ್ಪರ್ಜಿಲಸ್ ಬೀಜಕಣಗಳು ಉಸಿರಿನ ಜೊತೆ ಅಲ್ಲಿಗೂ ಹೋಗುತ್ತವೆ. ಆರೋಗ್ಯವಾಗಿರುವ ಶ್ವಾಸಕೋಶದಲ್ಲಿ ರಕ್ಷಣೆಯ ಜೀವಕೋಶಗಳು ಅವನ್ನು ಬಂದ ಹಾಗೇ ತಿಂದು ಮುಗಿಸುತ್ತವೆ. ಹಳೇ ಪೊಳ್ಳಿನೊಳಗೆ ಆ ಕಾವಲು ಸರಿಯಾಗಿ ಇರುವುದಿಲ್ಲ. ಬೀಜಕಣ ಮೊಳೆತು ಎಳೆ ಎಳೆಯಾಗಿ ಬೆಳೆಯುತ್ತದೆ. ಎಳೆ, ಲೋಳೆ, ಸತ್ತ ಜೀವಕೋಶ ಎಲ್ಲ ಸೇರಿ ಕೊನೆಗೊಂದು ಉಂಡೆಯಾಗುತ್ತದೆ. ಎಕ್ಸ್‌ರೇ ನೋಡಿದರೆ ಪೊಳ್ಳಿನೊಳಗೆ ದುಂಡಗಿನ ನೆರಳು, ಅದರ ತಲೆಯ ಮೇಲೆ ಅರ್ಧಚಂದ್ರಾಕಾರದ ಗಾಳಿಯ ಗೆರೆ ಕಾಣುತ್ತದೆ. ಮಗ್ಗುಲು ಬದಲಿಸಿ ಮಲಗಿಸಿ ಇನ್ನೊಂದು ಚಿತ್ರ ತೆಗೆದರೆ ಕೆಲವರಲ್ಲಿ ಉಂಡೆಯೇ ಉರುಳಿ ಬೇರೆ ಕಡೆ ಹೋಗಿರುತ್ತದೆ. ಎಲ್ಲರಿಗೂ ಉಂಡೆಯೇ ಆಗಬೇಕು ಅಂತಿಲ್ಲ. ಪೊಳ್ಳಿನ ಗೋಡೆ ದಪ್ಪವಾಗುತ್ತಾ, ನಿಧಾನವಾಗಿ ಅಕ್ಕಪಕ್ಕದ ಭಾಗವನ್ನೂ ಹಾಳು ಮಾಡುತ್ತಾ ವರ್ಷಗಟ್ಟಲೆ ನಡೆಯುವುದೂ ಉಂಟು.

ಕೆಮ್ಮು, ಸುಸ್ತು, ತೂಕ ಇಳಿಯೋದು, ಕಫದಲ್ಲಿ ರಕ್ತ ಇವೇ ಲಕ್ಷಣ. ಟಿಬಿಗೂ ಇವೇ ಅಲ್ವಾ? ಅಲ್ಲೇ ಎಡವಟ್ಟಾಗುವುದು. ಕಫದಲ್ಲಿ ಟಿಬಿ ರೋಗಾಣು ಸಿಗದಿದ್ದರೂ, ಹಳೇ ಟಿಬಿಯ ಚೀಟಿ ಮತ್ತು ಎಕ್ಸ್‌ರೇ ನೋಡಿ ಟಿಬಿ ಮಾತ್ರೆಯನ್ನೇ ಮತ್ತೆ ಶುರು ಮಾಡುವುದುಂಟು. ಬೂಷ್ಟಿಗೆ ಟಿಬಿ ಮಾತ್ರೆ ಏನೂ ಮಾಡುವುದಿಲ್ಲ. ಹಾಗಾಗಿ ಡಾಕ್ಟರ ಹತ್ತಿರ ಹೋದಾಗ ಹಳೇ ಟಿಬಿಯ ವಿಷಯ ಮೊದಲೇ ಹೇಳಿ. ಹಳೇ ಎಕ್ಸ್‌ರೇ ಅಟ್ಟದ ಮೇಲಿದ್ದರೂ ಹುಡುಕಿ ತೆಗೆದುಕೊಂಡು ಹೋಗಿ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಕಫದ ಟಿಬಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅದರಲ್ಲಿ ಟಿಬಿ ಇಲ್ಲ ಅಂತ ಬಂದರೆ ಅಲ್ಲಿಗೇ ನಿಲ್ಲಬೇಡಿ. ಎದೆಯ ಸಿಟಿ ಸ್ಕ್ಯಾನ್ ಬೇಕಾ, ರಕ್ತದಲ್ಲಿ ಆಸ್ಪರ್ಜಿಲಸ್ ಐಜಿಜಿ (ಆ ಬೂಷ್ಟಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ) ಪರೀಕ್ಷೆ ಮಾಡಿಸಬೇಕಾ ಅಂತ ನೀವೇ ಕೇಳಿ. ಕೇಳಿದರೆ ತಪ್ಪಿಲ್ಲ. ಆ ಪರೀಕ್ಷೆ ನಿಮ್ಮೂರಲ್ಲಿ ಆಗದಿದ್ದರೂ ರಕ್ತ ತೆಗೆದು ಮೈಸೂರಿಗೋ ಬೆಂಗಳೂರಿಗೋ ಕಳಿಸುವ ಲ್ಯಾಬ್‌ಗಳಿವೆ.

ಬೂಷ್ಟೇ ಅಂತ ಖಚಿತವಾದರೆ ಚಿಕಿತ್ಸೆ ಇದೆ. ಸಾಮಾನ್ಯವಾಗಿ ಇಟ್ರಕೊನಜೋಲ್ ಮಾತ್ರೆ, ಕಡಿಮೆ ಅಂದರೂ 6 ತಿಂಗಳು. ಒಂದೇ ಕಡೆ ಉಂಡೆ ಇದ್ದು ರಕ್ತ ಬರುತ್ತಿದ್ದರೆ, ದೇಹ ತಡೆದುಕೊಳ್ಳುವ ಹಾಗಿದ್ದರೆ, ಆಪರೇಷನ್ ಮಾಡಿ ತೆಗೆಯುವುದೂ ಇದೆ. ಇಟ್ರಕೊನಜೋಲ್ ಕ್ಯಾಪ್ಸೂಲ್ ಬಗ್ಗೆ ಒಂದು ಮಾತು ನೆನಪಿಡಿ. ಅದು ಊಟದ ಜೊತೆ ತೆಗೆದುಕೊಂಡರೇ ಮೈಗೆ ಹತ್ತುವುದು. ಗ್ಯಾಸ್ಟ್ರಿಕ್ ಮಾತ್ರೆ ಜೊತೆಗಿದ್ದರೆ ಸರಿಯಾಗಿ ಹತ್ತುವುದೇ ಇಲ್ಲ. ಕೊಲೆಸ್ಟರಾಲ್, ಸಕ್ಕರೆ, ಬಿಪಿಯ ಕೆಲವು ಮಾತ್ರೆಗಳ ಜೊತೆಗೂ ಇದಕ್ಕೆ ಜಗಳ. ಹೃದಯ ದುರ್ಬಲ ಇರುವವರಿಗೆ ಕೊಡುವುದಿಲ್ಲ. ಅತ್ತೆಯವರು ಈಗ ನುಂಗುತ್ತಿರುವ ಮಾತ್ರೆಯನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಸುರಿಯಿರಿ.

ಒಂದು ವೇಳೆ ಎಳೆ ಹೋಗಿ ಅರ್ಧ ಲೋಟದಷ್ಟು ರಕ್ತ ಬಂದರೆ ಅದು ಎಮರ್ಜೆನ್ಸಿ. ರಾತ್ರಿಯಾದರೂ ಸರಿ, ಮಡಿಕೇರಿಗೆ ಹೊರಡಿ. ಪೊಳ್ಳಿನ ಗೋಡೆಯಲ್ಲಿರುವ ರಕ್ತನಾಳಗಳು ಊದಿಕೊಂಡು ಒಡೆದಾಗ ಹೀಗಾಗುತ್ತದೆ. ಮನೆಯಲ್ಲಿ ನಿಲ್ಲಿಸಲು ಆಗುವುದಿಲ್ಲ.

ಹಾಗಾದರೆ ಅತ್ತೆಗೆ ಇದು ಮಲಗುವ ಕೋಣೆಯ ಗೋಡೆಯಿಂದಲೇ ಬಂತಾ? ಹಾಗೆ ಹೇಳಲು ಬರುವುದಿಲ್ಲ. ಆಸ್ಪರ್ಜಿಲಸ್ ಇಲ್ಲದ ಜಾಗವೇ ಇಲ್ಲ. ಕೊಳೆತ ತರಗೆಲೆ, ಗೊಬ್ಬರದ ಗುಂಡಿ, ಕಾಫಿ ಸಿಪ್ಪೆಯ ರಾಶಿ, ನೆನೆದ ಒಣಹುಲ್ಲು ಎಲ್ಲದರಲ್ಲೂ ಇದೆ. ಅದರಲ್ಲೂ ಮನುಷ್ಯನಿಗೆ ಜಾಸ್ತಿ ತೊಂದರೆ ಕೊಡುವ ಆಸ್ಪರ್ಜಿಲಸ್ ಫ್ಯೂಮಿಗೇಟಸ್‌ಗೆ ಬಿಸಿ ಗೊಬ್ಬರದ ರಾಶಿ ಅಂದರೆ ಇಷ್ಟ. ಗೊಬ್ಬರ ಕೆದಕುವಾಗ ಏಳುವ ಹೊಗೆಯಂಥ ದೂಳಿನಲ್ಲಿ ಗೋಡೆಗಿಂತ ಎಷ್ಟೋ ಪಟ್ಟು ಹೆಚ್ಚು ಬೀಜಕಣ ಇರುತ್ತದೆ. ಅತ್ತೆಯವರು ಇನ್ನು ಗೊಬ್ಬರ ಗುಂಡಿ, ಹುಲ್ಲಿನ ಅಟ್ಟ, ಬೂಷ್ಟು ಉಜ್ಜುವ ಕೆಲಸ ಈ ಮೂರರಿಂದಲೂ ದೂರ ಇರಲಿ.

ಈಗ ನಿಮ್ಮ ಮುಖ್ಯ ಅನುಮಾನಕ್ಕೆ ಬರೋಣ. ನಿಮ್ಮ ಮನೆಯಲ್ಲಿ ಫಂಗಸ್ ಅನ್ನುವ ಒಂದೇ ಹೆಸರಿನ ಕೆಳಗೆ ಬೇರೆ ಬೇರೆ ಸಮಸ್ಯೆಗಳಿವೆ. ಅವುಗಳ ಮೂಲ ಬೇರೆ, ಔಷಧಿ ಬೇರೆ. ಒಂದನ್ನು ಇನ್ನೊಂದು ಅಂದುಕೊಂಡರೆ ದುಡ್ಡೂ ಹಾಳು, ದಿನವೂ ಹಾಳು.

ಕೊಡಗಿನ ಮಳೆಗಾಲದಲ್ಲಿ ನಾವೆಲ್ಲ ದಿನಕ್ಕೆ ನೂರಾರು ಬೀಜಕಣ ಉಸಿರಾಡುತ್ತೇವೆ. ಆಸ್ಪರ್ಜಿಲಸ್ ಕಣದ ಅಗಲ 2-3 ಮೈಕ್ರಾನ್ ಅಷ್ಟೇ. ಒಂದು ಮಿಲಿಮೀಟರ್ ಜಾಗದಲ್ಲಿ ಮುನ್ನೂರು, ನಾನೂರು ಸಾಲಾಗಿ ನಿಲ್ಲುತ್ತವೆ. ಆದರೂ ನಮಗೆಲ್ಲ ಸೋಂಕು ಆಗುವುದಿಲ್ಲ. ಒಂದನೇ ಕಾರಣ ಮೈಯ ಬಿಸಿ. ಬಹುಪಾಲು ಬೂಷ್ಟುಗಳಿಗೆ ತಂಪು ಬೇಕು, 37 ಡಿಗ್ರಿಯಲ್ಲಿ ಅವು ಬೆಳೆಯುವುದೇ ಇಲ್ಲ. ಎರಡನೆಯದು ಬಿಳಿ ರಕ್ತಕಣಗಳು. ಈ ಎರಡನ್ನೂ ದಾಟಿ ಬೂಷ್ಟು ಒಳಗೆ ಬೇರು ಬಿಡಬೇಕು ಅಂದರೆ ದೇಹದ ಕಡೆಯಿಂದ ಎಲ್ಲಾದರೂ ಬಾಗಿಲು ತೆರೆದಿರಬೇಕು. ರಕ್ತದ ಕ್ಯಾನ್ಸರಿಗೆ ಕೀಮೋ ಆಗುತ್ತಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ತುಂಬಾ ದಿನ ಸ್ಟೀರಾಯ್ಡ್ ಮಾತ್ರೆ ನುಂಗಿದವರು, ಸಕ್ಕರೆ ಹತೋಟಿ ಮೀರಿದವರು, ಟಿಬಿಯಿಂದ ಶ್ವಾಸಕೋಶ ಹಾಳಾದವರು. ಇಂಥವರಿಗೆ ಮನೆಯ ಬೂಷ್ಟೂ ಅಪಾಯವೇ. ಉಳಿದವರಿಗೆ ಅದರಿಂದ ಸೋಂಕಿಗಿಂತ ಅಲರ್ಜಿಯ ಕಾಟವೇ ಜಾಸ್ತಿ.

ನಿಮ್ಮ ಮಗನ ವಿಷಯ ಇಲ್ಲಿ ಬರುತ್ತದೆ. ಅವನ ಲಕ್ಷಣ ಅಲರ್ಜಿ ಮತ್ತು ಆಸ್ತಮಾದ್ದು. ಅವನ ಎದೆಯೊಳಗೆ ಬೂಷ್ಟು ಬೆಳೆದಿದೆ ಅಂತ ಗಾಬರಿಯಾಗಬೇಡಿ. ತೇವದ, ಬೂಷ್ಟು ಹಿಡಿದ ಮನೆಯಲ್ಲಿ ಇರುವವರಿಗೆ ಉಸಿರಾಟದ ತೊಂದರೆ, ಆಸ್ತಮಾ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಹೊರಡಿಸಿ ಹೇಳಿದೆ. ಬೂಷ್ಟು ಒಂದೇ ಕಾರಣವಲ್ಲ. ತೇವ ಇದ್ದಲ್ಲಿ ಹಾಸಿಗೆ, ಕಂಬಳಿಯಲ್ಲಿ ಕಣ್ಣಿಗೆ ಕಾಣದ ದೂಳಿನ ಹುಳಗಳೂ ಹೆಚ್ಚುತ್ತವೆ. ಮಗುವಿಗೆ ಇನ್‌ಹೇಲರ್ ಅಂದ ಕೂಡಲೇ ಮನೆಯ ಹಿರಿಯರು ಬೇಡ ಅನ್ನುತ್ತಾರೆ, ಅಭ್ಯಾಸ ಆಗಿಬಿಡುತ್ತೆ ಅಂತ. ಆ ಭಯ ಬಿಡಿ. ಸಿರಪ್, ಮಾತ್ರೆಗಿಂತ ಎಷ್ಟೋ ಕಡಿಮೆ ಔಷಧಿ ನೇರವಾಗಿ ಬೇಕಾದ ಜಾಗಕ್ಕೇ ಹೋಗುತ್ತದೆ. ಮಳೆ ಶುರುವಾಗುವ ಮುಂಚೆಯೇ ಡಾಕ್ಟರಿಗೆ ತೋರಿಸಿ, ತಡೆಯುವ ಇನ್‌ಹೇಲರ್ ಬೇಕಾ ಅಂತ ಕೇಳಿ. ಸ್ಟೀರಾಯ್ಡ್ ಇರುವ ಇನ್‌ಹೇಲರ್ ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು, ಇಲ್ಲದಿದ್ದರೆ ನಾಲಿಗೆ ಮೇಲೆ ಕ್ಯಾಂಡಿಡಾ ಅನ್ನುವ ಫಂಗಸ್ ಬಿಳಿಯಾಗಿ ಕಟ್ಟಿಕೊಳ್ಳುತ್ತದೆ.

ಒಂದೇ ಒಂದು ಸಂದರ್ಭದಲ್ಲಿ ಇನ್ನೂ ಮುಂದೆ ಹೋಗಿ ನೋಡಬೇಕು. ಇನ್‌ಹೇಲರ್ ಸರಿಯಾಗಿ ತೆಗೆದುಕೊಂಡರೂ ಉಬ್ಬಸ ಹತೋಟಿಗೆ ಬರದೆ, ಕಂದು ಬಣ್ಣದ ಗಟ್ಟಿ ಕಫದ ತುಂಡು ಬರುತ್ತಿದ್ದರೆ, ಅದು ಆಸ್ಪರ್ಜಿಲಸ್‌ಗೇ ಆಗುವ ತೀವ್ರ ಅಲರ್ಜಿ ಇರಬಹುದು. ಆಸ್ತಮಾ ಇರುವವರಲ್ಲಿ ಕೆಲವರಿಗೆ ಆಗುತ್ತದೆ, ದೊಡ್ಡವರಲ್ಲಿ ಜಾಸ್ತಿ. ರಕ್ತದಲ್ಲಿ ಐಜಿಇ ಅನ್ನುವ ಅಲರ್ಜಿಯ ಪ್ರತಿಕಾಯ ವಿಪರೀತ ಏರಿರುತ್ತದೆ. ಎಕ್ಸ್‌ರೇ ಮತ್ತೆ ಟಿಬಿಯ ಹಾಗೇ ಕಾಣುತ್ತದೆ, ಇಲ್ಲೂ ಸುಮ್ನೆ ಟಿಬಿ ಮಾತ್ರೆ ನುಂಗಿದವರಿದ್ದಾರೆ.

ಮಗನ ಕೋಣೆಯ ಬಗ್ಗೆ ಒಂದು ವಿಷಯ ಕೇಳಲೇಬೇಕು. ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಜುಲೈನಲ್ಲಿ ನಮ್ಮ ಮನೆಗಳಲ್ಲಿ ಅಗ್ಗಿಷ್ಟಿಕೆಗೆ ಕೆಂಡ ಹಾಕಿ, ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರಡುವುದು ವಾಡಿಕೆ. ಬಟ್ಟೆಯಲ್ಲಿದ್ದ ನೀರೆಲ್ಲ ಹಬೆಯಾಗಿ ಅದೇ ಕೋಣೆಯ ಗಾಳಿಗೆ ಸೇರುತ್ತದೆ. ರಾತ್ರಿ ಗೋಡೆ ತಣ್ಣಗಾದಾಗ ಆ ಹಬೆ ಮತ್ತೆ ನೀರಾಗಿ ಗೋಡೆಗೇ ಕೂರುತ್ತದೆ. ಬೀರುವಿನ ಹಿಂದೆ, ಮೂಲೆಯಲ್ಲಿ, ಗಾಳಿ ಆಡದ ಕಡೆ ಮೊದಲು ಚುಕ್ಕಿ ಕಾಣುವುದು ಇದೇ ಕಾರಣಕ್ಕೆ. ಹೊಗೆಯಿಂದ ಮಗನ ಉಬ್ಬಸವೂ ಕೆರಳುತ್ತದೆ. ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆಯೇ ಇದೆ. ಬಾಗಿಲು ಕಿಟಕಿ ಮುಚ್ಚಿ ಕೆಂಡ ಇಟ್ಟುಕೊಂಡು ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿ ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಅದಕ್ಕೆ ವಾಸನೆ ಇಲ್ಲ, ಎಚ್ಚರವಾಗುವುದಿಲ್ಲ. ಬಟ್ಟೆ ಒಣಗಿಸುವುದನ್ನು ಅಡುಗೆ ಒಲೆಯ ಕಡೆಗೋ, ಹಿಂದಿನ ಜಗಲಿಗೋ, ಹೊಗೆ ಹೊರಗೆ ಹೋಗುವ ಜಾಗಕ್ಕೋ ಬದಲಿಸಿ. ಮಲಗುವ ಕೋಣೆಯಲ್ಲಿ ಮಾತ್ರ ಬೇಡ.

ಬ್ಲಾಕ್ ಫಂಗಸ್ ಬಗ್ಗೆ ಕೇಳಿದ್ದೀರಿ. ನಿಮ್ಮ ಗೋಡೆಯ ಕಪ್ಪು ಚುಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಗೋಡೆಯಲ್ಲಿ ಕಪ್ಪಗೆ ಬೆಳೆಯುವುದು ಸಾಮಾನ್ಯವಾಗಿ ಕ್ಲಾಡೋಸ್ಪೋರಿಯಂ ಮತ್ತು ಕೆಲವು ಜಾತಿಯ ಆಸ್ಪರ್ಜಿಲಸ್. 2021ರಲ್ಲಿ ಕೋವಿಡ್ ಎರಡನೇ ಅಲೆಯ ಜೊತೆ ದೇಶವನ್ನೇ ಹೆದರಿಸಿದ್ದು ಮ್ಯೂಕರ್ ಗುಂಪಿನ ಫಂಗಸ್. ಹಳಸಿದ ಬ್ರೆಡ್ಡಿನ ಮೇಲೆ ಹತ್ತಿಯಂತೆ ಬೂದು ಬಣ್ಣದಲ್ಲಿ ಎದ್ದು ನಿಲ್ಲುತ್ತದಲ್ಲ, ಆ ಬಳಗದ್ದು. ಅದು ರಕ್ತನಾಳದೊಳಗೆ ನುಗ್ಗಿ ರಕ್ತ ಹರಿಯುವುದನ್ನೇ ನಿಲ್ಲಿಸುತ್ತದೆ. ಆಗ ಸತ್ತ ಮಾಂಸ ಕಪ್ಪಾಗುತ್ತದೆ. ರೋಗಿಗಳ ಮೂಗಿನಲ್ಲಿ, ಅಂಗುಳಲ್ಲಿ ಕಂಡ ಕಪ್ಪು ಅದು. ಆ ವರ್ಷ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆ ಮಾಡಿ ಅಂತ ರಾಜ್ಯಗಳಿಗೆ ಹೇಳಿತ್ತು. ಒಬ್ಬರಿಂದ ಒಬ್ಬರಿಗೆ ಇದು ಹರಡುವುದಿಲ್ಲ. ಹೆಚ್ಚಿನವರಿಗೆ ಬಂದದ್ದು ಏರಿದ ಸಕ್ಕರೆ ಮತ್ತು ಬೇಕಾಬಿಟ್ಟಿ ಸ್ಟೀರಾಯ್ಡ್ ಒಟ್ಟಿಗೆ ಸೇರಿದಾಗ.

ಕೋವಿಡ್ ಹೋದರೂ ಈ ಕಾಯಿಲೆ ಹೋಗಿಲ್ಲ. ಅತ್ತೆಯವರಿಗೆ ಸಕ್ಕರೆ ಇರುವುದರಿಂದ ಲಕ್ಷಣ ತಿಳಿದಿರಲಿ. ಮುಖದ ಒಂದೇ ಕಡೆ ನೋವು ಅಥವಾ ಮರಗಟ್ಟುವುದು, ಒಂದೇ ಕಡೆ ಮೂಗು ಕಟ್ಟಿ ಕಪ್ಪು ಇಲ್ಲವೇ ರಕ್ತ ಬೆರೆತ ಸಿಂಬಳ, ಕಣ್ಣಿನ ಸುತ್ತ ಊತ, ಒಂದು ಎರಡಾಗಿ ಕಾಣುವುದು, ಹಲ್ಲು ಅಲುಗಾಡುವುದು. ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆಂಫೊಟೆರಿಸಿನ್ ಔಷಧಿಯ ಜೊತೆ ಸತ್ತ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ. ಒಂದೊಂದು ದಿನ ತಡವಾದರೂ ಕಣ್ಣು, ಪ್ರಾಣ ಎರಡಕ್ಕೂ ಕುತ್ತು.

ಇನ್ನು ಯಜಮಾನರ ಹುಳುಕಡ್ಡಿ. ಇದು ಗೋಡೆಯಿಂದ ಬರುವುದೇ ಇಲ್ಲ. ಇದನ್ನು ಉಂಟು ಮಾಡುವ ಫಂಗಸ್ಸುಗಳ ಆಹಾರ ನಮ್ಮ ಚರ್ಮ, ಉಗುರು, ಕೂದಲಿನಲ್ಲಿರುವ ಕೆರಟಿನ್. ಗೋಡೆ ತಿಂದು ಅವು ಬದುಕುವುದಿಲ್ಲ. ಇನ್ನೊಬ್ಬರ ಮೈಯಿಂದ, ಅವರ ಟವೆಲ್, ಒಳಉಡುಪು, ಹಾಸಿಗೆಯಿಂದ ಬರುತ್ತವೆ. ಬೆಕ್ಕು, ನಾಯಿ, ದನದಿಂದಲೂ ಬರುತ್ತವೆ. ಮಳೆಗಾಲ ಮಾಡುವ ಕೆಲಸ ಏನೆಂದರೆ ಅವು ಬೆಳೆಯಲು ಬೇಕಾದ ಹಸಿಯನ್ನು ಒದಗಿಸುವುದು. ನಾಟಿ ಗದ್ದೆಯಲ್ಲಿ ನೆನೆದ ಪ್ಯಾಂಟು, ಇಡೀ ದಿನ ಗಂಬೂಟಿನೊಳಗೆ ಬೆವೆತ ಕಾಲು, ಅರ್ಧ ಒಣಗಿದ ಚಡ್ಡಿಯನ್ನೇ ಬೆಳಿಗ್ಗೆ ಮತ್ತೆ ಹಾಕಿಕೊಂಡು ತೋಟಕ್ಕೆ ಹೋಗುವುದು, ಇಷ್ಟು ಸಾಕು.

‘ಹಚ್ಚಿದರೆ ಹೋಗುತ್ತೆ, ಬಿಟ್ಟರೆ ಬರುತ್ತೆ’ ಅಂದಿರಲ್ಲ, ಅದನ್ನು ಓದಿದಾಗ ನನಗೆ ನಿಜವಾಗಿ ಬೇಸರವಾಯಿತು. ಆ ಟ್ಯೂಬ್ ತೆಗೆದು ಹಿಂದೆ ಬರೆದಿರುವ ಔಷಧಿಗಳ ಹೆಸರು ಓದಿ. ಕ್ಲೋಬೆಟಸಾಲ್, ಬೀಟಾಮೆಥಸೋನ್, ಬೆಕ್ಲೋಮೆಥಸೋನ್, ಮೊಮೆಟಸೋನ್ ಇವುಗಳಲ್ಲಿ ಒಂದು ಇದ್ದೇ ಇರುತ್ತದೆ ಅನ್ನುವುದು ನನ್ನ ಅನುಮಾನ. ಇವೆಲ್ಲ ಸ್ಟೀರಾಯ್ಡ್. ಹಚ್ಚಿದ ಎರಡೇ ದಿನಕ್ಕೆ ತುರಿಕೆ, ಕೆಂಪು ಎರಡೂ ಇಳಿಯುತ್ತವೆ. ಫಂಗಸ್ ಸತ್ತಿರುವುದಿಲ್ಲ. ಚರ್ಮದ ಪ್ರತಿರೋಧವನ್ನು ಮಲಗಿಸಿದ್ದರಿಂದ ಅದು ಒಳಗೊಳಗೇ ಆರಾಮಾಗಿ ಹರಡುತ್ತದೆ. ಬಿಟ್ಟ ಕೂಡಲೇ ಮೊದಲಿಗಿಂತ ಅಗಲವಾಗಿ ಏಳುತ್ತದೆ. ಅಂಚು ಸರಿಯಾಗಿ ಕಾಣದೆ, ಒಂದು ಉಂಗುರದೊಳಗೆ ಇನ್ನೊಂದು ಉಂಗುರ ಇದ್ದರೆ ಸ್ಟೀರಾಯ್ಡ್ ಹಚ್ಚಿದ್ದಾರೆ ಅಂತ ಚರ್ಮದ ಡಾಕ್ಟರಿಗೆ ನೋಡಿದ ಕೂಡಲೇ ಅನಿಸುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿಯ ಚರ್ಮ ತೆಳುವಾಗಿ ಬಿರುಕಿನ ಗೆರೆ ಬೀಳುತ್ತದೆ. ಆ ಗೆರೆ ಮತ್ತೆ ಹೋಗುವುದಿಲ್ಲ.

ಇಂಥ ಕ್ರೀಮುಗಳು ಚೀಟಿ ಇಲ್ಲದೆ ಸಿಗುವುದು, ಜನ ಒಬ್ಬರಿಂದ ಒಬ್ಬರಿಗೆ ಹೆಸರು ಹೇಳಿಕೊಂಡು ಹಚ್ಚುವುದು ನಮ್ಮ ದೇಶದಲ್ಲಿ ಹುಳುಕಡ್ಡಿಯ ರೂಪವನ್ನೇ ಬದಲಿಸಿದೆ. 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೆ ಅಂತ ಹೆಸರು ಪಡೆದ ಒಂದು ಫಂಗಸ್ ಈಗ ನಮ್ಮ ಕಡೆಯಿಂದ ಬೇರೆ ದೇಶಗಳಿಗೂ ಹೋಗಿದೆ. ಹಿಂದೆ ಎರಡು ವಾರಕ್ಕೆ ಕೆಲಸ ಮುಗಿಸುತ್ತಿದ್ದ ಟರ್ಬಿನಾಫಿನ್ ಮಾತ್ರೆಗೆ ಅದು ಬಹಳ ಸಲ ಜಗ್ಗುವುದಿಲ್ಲ.

ಯಜಮಾನರು ಆ ಟ್ಯೂಬ್ ಬಿಟ್ಟು ಚರ್ಮದ ಡಾಕ್ಟರನ್ನು ನೋಡಲಿ. ಬಿಟ್ಟ ಮೊದಲ ವಾರ ತುರಿಕೆ ಕೆರಳುತ್ತದೆ, ಮತ್ತೆ ಅದಕ್ಕೇ ಕೈ ಹಾಕುವುದು ಬೇಡ. ಚರ್ಮದ ಅಂಚಿನಿಂದ ಸ್ವಲ್ಪ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಫಂಗಸ್ ಎಳೆ ಅಲ್ಲೇ ಕಾಣುತ್ತದೆ. ಮಾತ್ರೆ ಎಷ್ಟು ವಾರ ಅಂತ ಡಾಕ್ಟರು ಹೇಳುತ್ತಾರೋ ಅಷ್ಟೂ ವಾರ ನುಂಗಬೇಕು. ಈಗಿನ ಕಾಲದಲ್ಲಿ ಅದು 4 ವಾರದಿಂದ 8 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಕಲೆ ಮಾಯವಾದ ಮೇಲೂ ಎರಡು ವಾರ ಮುಲಾಮು ಹಚ್ಚಬೇಕು, ಕಲೆಯ ಆಚೆಗೂ ಎರಡು ಬೆರಳಗಲ ಸೇರಿಸಿ. ನಿಮಗೋ ಮಗನಿಗೋ ಎಲ್ಲಾದರೂ ಉಂಗುರ ಇದ್ದರೆ ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ಇಲ್ಲದಿದ್ದರೆ ಮನೆಯೊಳಗೇ ಸುತ್ತುತ್ತಿರುತ್ತದೆ. ಅವರ ಬಟ್ಟೆ ಬೇರೆ ನೆನೆಸಿ, ಬಿಸಿ ನೀರಿನಲ್ಲಿ ಒಗೆಯಿರಿ. ಬಿಸಿಲಿಲ್ಲದ ತಿಂಗಳಲ್ಲಿ ಒಳಉಡುಪನ್ನು ಹಾಕುವ ಮುಂಚೆ ಒಳಮಗ್ಗುಲು ಹೊರಗೆ ಮಾಡಿ ಇಸ್ತ್ರಿ ಒತ್ತಿ. ಗಂಬೂಟಿನೊಳಗೆ ರಾತ್ರಿ ಹಳೇ ಪೇಪರ್ ತುರುಕಿಟ್ಟರೆ ಹಸಿ ಎಳೆದುಕೊಳ್ಳುತ್ತದೆ. ಕಾಲ್ಬೆರಳ ಸಂದಿಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿದ ಮೇಲೇ ಮಲಗಲಿ. ಬೆನ್ನು, ಎದೆ ಮೇಲೆ ಬರುವ ತಿಳಿ ಚಿಬ್ಬು ಮಾತ್ರ ಬೇರೆ. ಅದು ಎಲ್ಲರ ಚರ್ಮದಲ್ಲೂ ಇರುವ ಈಸ್ಟ್, ಯಾರಿಂದಲೂ ಅಂಟುವುದಿಲ್ಲ, ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ.

ನೀವು ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ, ತೋಟ ಗದ್ದೆ ಇರುವವರಿಗೆ ಇದು ತಿಳಿದಿರಲೇಬೇಕು. ಮರಗಸಿ ಮಾಡುವಾಗ (ನೆರಳಿನ ಮರದ ಕೊಂಬೆ ಕಡಿಯುವಾಗ), ಕಾಫಿ ಕುಯ್ಯುವಾಗ ಕಣ್ಣಿಗೆ ರೆಂಬೆ ಹೊಡೆಯುತ್ತದೆ. ಬತ್ತ ಬಡಿಯುವಾಗ ಹೊಟ್ಟು ಹಾರಿ ಬೀಳುತ್ತದೆ. ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಆದ ಆ ಸಣ್ಣ ಗೀರಿನಲ್ಲಿ ಫ್ಯೂಸೇರಿಯಂ, ಆಸ್ಪರ್ಜಿಲಸ್ ಸೇರಿಕೊಂಡು ಹುಣ್ಣಾಗುತ್ತದೆ. ದಕ್ಷಿಣ ಭಾರತದ ಕೃಷಿಕರಲ್ಲಿ ಕಣ್ಣು ಕಳೆದುಕೊಳ್ಳಲು ಇದೊಂದು ದೊಡ್ಡ ಕಾರಣ. ಮೊದಲ ದಿನಗಳಲ್ಲಿ ಕಸ ಬಿದ್ದ ಹಾಗೆ ಚುಚ್ಚುತ್ತದೆ. ಆಮೇಲೆ ಬಿಳಿ ಚುಕ್ಕಿ ಕಾಣುತ್ತದೆ. ಆಗ ಮನೆಯಲ್ಲಿರುವ ಯಾವುದೋ ಹಳೇ ಡ್ರಾಪ್ಸ್ ಹಾಕುವುದು, ಎದೆಹಾಲು ಬಿಡುವುದು ಬೇಡವೇ ಬೇಡ. ಸ್ಟೀರಾಯ್ಡ್ ಇರುವ ಡ್ರಾಪ್ಸ್ ಹಾಕಿದರೆ ಫಂಗಸ್ ಕಣ್ಣಿನೊಳಕ್ಕೇ ಇಳಿಯುತ್ತದೆ. ಕಣ್ಣಿನ ಡಾಕ್ಟರು ಹುಣ್ಣನ್ನು ಕೆರೆದು ನೋಡಿ ನಟಮೈಸಿನ್ ಡ್ರಾಪ್ಸ್ ಕೊಡುತ್ತಾರೆ, ವಾರಗಟ್ಟಲೆ ಗಂಟೆಗಂಟೆಗೂ ಹಾಕಬೇಕಾಗುತ್ತದೆ. ಕೆಲಸದವರಿಗೂ ಸೇರಿಸಿ ನಾಲ್ಕು ಪ್ಲಾಸ್ಟಿಕ್ ಕನ್ನಡಕ ತಂದಿಡಿ. ತೋಟದ ಲೈನ್ ಮನೆಯಲ್ಲಿರುವ ಕೆಲಸದವರ ಕಣ್ಣಿಗೂ ನಮ್ಮ ಕಣ್ಣಿನಷ್ಟೇ ಬೆಲೆ.

ಕೊಟ್ಟಿಗೆಗೆ ಹುಲ್ಲು ಹಾಕುವವರು ನೆನೆದು ಬೂಷ್ಟು ಹಿಡಿದ ಹುಲ್ಲು ಕೊಡವಿದ ದಿನ, ನಾಲ್ಕರಿಂದ ಎಂಟು ಗಂಟೆ ಬಿಟ್ಟು ಚಳಿ ಜ್ವರ, ಒಣ ಕೆಮ್ಮು, ಏದುಸಿರು ಬರುವುದುಂಟು. ಮರುದಿನ ಇಳಿಯುತ್ತದೆ. ಇದು ಫ್ಲೂ ಅಲ್ಲ, ಆ ದೂಳಿಗೆ ಶ್ವಾಸಕೋಶ ಕೆರಳುವುದು. ಪದೇ ಪದೇ ಆದರೆ ಶ್ವಾಸಕೋಶ ಗಟ್ಟಿಯಾಗಿ ಹೋಗುತ್ತದೆ, ಹಾಗಾಗಿ ಹುಲ್ಲಿನ ಕೆಲಸವನ್ನೇ ಬೇರೆಯವರಿಗೆ ಬಿಡಬೇಕು.

ಇನ್ನು ಗೋಡೆ. ಮೈಲುತುತ್ತ ಮನೆಯೊಳಗೆ ಬೇಡ. ಕಾಫಿಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಒಳ್ಳೆಯದೇ. ಕೊಳೆರೋಗದ ಫಂಗಸ್ ಮನುಷ್ಯನಿಗೆ ಅಂಟುವುದಿಲ್ಲ, ಆ ಹೆದರಿಕೆಯೂ ಬೇಡ. ಆದರೆ ಮೈಲುತುತ್ತ ಕಣ್ಣಿಗೆ ಬಿದ್ದರೆ ಸುಡುತ್ತದೆ, ಹೊಟ್ಟೆಗೆ ಹೋದರೆ ವಿಷ. ಗೋಡೆಯಿಂದ ಉದುರುವ ಪುಡಿ ಮಗು ಮಲಗುವ ಜಾಗದಲ್ಲಿ ಇರಬಾರದು. ತೋಟಕ್ಕೆ ಹೊಡೆಯುವ ಬೇರೆ ಫಂಗಿಸೈಡ್‌ಗಳನ್ನಂತೂ ಹತ್ತಿರ ತರಲೇಬೇಡಿ. ಹೆಸರಿನ ಕೊನೆಯಲ್ಲಿ ‘ಕೊನಜೋಲ್’ ಇರುವವು ನಮ್ಮ ಇಟ್ರಕೊನಜೋಲ್‌ನ ಕುಟುಂಬದವೇ. ಅವನ್ನು ಎಲ್ಲೆಂದರಲ್ಲಿ ಬಳಸಿದ ಕಡೆ ಆಸ್ಪರ್ಜಿಲಸ್ ಔಷಧಿಗೆ ಬಗ್ಗದಂತಾಗುವುದು ಹಲವು ದೇಶಗಳಲ್ಲಿ ಕಂಡಿದೆ.

ಗೋಡೆಯ ಬೂಷ್ಟಿಗೆ ಸೋಪಿನ ನೀರು, ಬ್ರಷ್ಷು ಸಾಕು. ಮೊದಲು ಒದ್ದೆ ಮಾಡಿ, ಆಮೇಲೆ ಉಜ್ಜಿ. ಒಣಗಿದ್ದನ್ನು ಕೊಡವಿದರೆ ಬೀಜಕಣ ಕೋಣೆ ತುಂಬಾ ಹಾರುತ್ತದೆ. ಉಜ್ಜುವವರು ಎನ್95 ಮಾಸ್ಕ್, ಕೈಗವಸು ಹಾಕಿಕೊಳ್ಳಲಿ. ಮಗನನ್ನು ಅವತ್ತು ಬೇರೆ ಕೋಣೆಗೆ ಕಳಿಸಿ. ಬ್ಲೀಚಿಂಗ್ ಪೌಡರ್ ಬಳಸುವುದಾದರೆ ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಯಾವತ್ತೂ ಬೆರೆಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಒದ್ದೆಯಾದ ಹತ್ತಿ ಹಾಸಿಗೆ, ದಿಂಬು ಒಂದೆರಡು ದಿನದಲ್ಲಿ ಪೂರ್ತಿ ಒಣಗದಿದ್ದರೆ ಅದರೊಳಗಿನ ಬೂಷ್ಟು ಮತ್ತೆ ಹೋಗುವುದಿಲ್ಲ. 2018ರ ಆಗಸ್ಟಿನ ಮಳೆಯಲ್ಲಿ ನೆನೆದ ಹಾಸಿಗೆಗಳನ್ನು ಇನ್ನೂ ಇಟ್ಟುಕೊಂಡಿರುವ ಮನೆಗಳಿದ್ದರೆ, ದಯವಿಟ್ಟು ಬಿಸಾಕಿ.

ಉಜ್ಜುವುದು ಆ ಮಳೆಗಾಲಕ್ಕೆ ಮಾತ್ರ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕದಿದ್ದರೆ ಮುಂದಿನ ಜೂನಿಗೆ ಚುಕ್ಕಿ ಅಲ್ಲೇ ಹಾಜರ್. ಮಳೆ ಜೋರಾಗಿರುವಾಗಲೇ ಟಾರ್ಚ್ ಹಿಡಿದು ಅಟ್ಟ ಹತ್ತಿ ನೋಡಿ, ಯಾವ ಹಂಚು ಜಾರಿದೆ ಗೊತ್ತಾಗುತ್ತದೆ. ಸೂರಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯಾ, ಹಿಂದಿನ ಬರೆಯ (ಗುಡ್ಡ ಕಡಿದ ಇಳಿಜಾರಿನ) ಮಣ್ಣು ಗೋಡೆಗೆ ತಾಗಿ ನಿಂತಿದೆಯಾ ನೋಡಿ. ಹಳೇ ಮಣ್ಣಿನ ಗೋಡೆಗೆ ಸಿಮೆಂಟು ಗಾರೆ, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದಿದ್ದರೆ ಒಳಗಿನ ತೇವಕ್ಕೆ ಹೊರಗೆ ಬರಲು ದಾರಿಯೇ ಇಲ್ಲ. ನನ್ನ ಕೇಳಿದರೆ ಅಂಥ ಗೋಡೆಗೆ ಸುಣ್ಣವೇ ಮೇಲು. ಗೋಡೆ ಉಸಿರಾಡುತ್ತದೆ, ಸುಣ್ಣದ ಕ್ಷಾರದಲ್ಲಿ ಬೂಷ್ಟು ಸುಲಭವಾಗಿ ಹಿಡಿಯುವುದೂ ಇಲ್ಲ. ಬಳಿಯುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲಿ, ಗೋಡೆ ಚೆನ್ನಾಗಿ ಒಣಗಿದ ಮೇಲೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆ ಸರಿಸಿಡಿ.

ಮಳೆಗಾಲಕ್ಕೆ ಕೂಡಿಟ್ಟ ಕಡಲೆಕಾಯಿ, ಒಣಮೆಣಸಿನಕಾಯಿ, ಜೋಳವನ್ನೂ ಒಮ್ಮೆ ತೆಗೆದು ನೋಡಿ. ಹಸಿರು, ಹಳದಿ ಬೂಷ್ಟು ಕಂಡರೆ ಬಿಸಾಕುವುದೇ ಸರಿ. ಆ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಅನ್ನುವ ವಿಷ ತೊಳೆದರೂ ಹೋಗುವುದಿಲ್ಲ, ಹುರಿದರೂ ಪೂರ್ತಿ ಹೋಗುವುದಿಲ್ಲ. ವರ್ಷಗಟ್ಟಲೆ ತಿಂದರೆ ಲಿವರ್ ಕ್ಯಾನ್ಸರಿಗೆ ದಾರಿ. ನಮಗೆ ಬೇಡವಾದದ್ದು ದನಕ್ಕಾಗಲಿ ಅಂತ ಕಲಗಚ್ಚಿಗೆ ಹಾಕುವ ಅಭ್ಯಾಸವೂ ಬೇಡ, ಆ ವಿಷ ರೂಪ ಬದಲಿಸಿ ಹಾಲಿನಲ್ಲಿ ವಾಪಸ್ ಬರುತ್ತದೆ.